ಮೇಲಿನ ಕೋಣೆಯ ತೇವ

ಫೆಬ್ರವರಿ ಕೊನೆಯ ವಾರದಲ್ಲಿ ಸೆಲ್ವಿ ಕೋರಮಂಡಲ್ ಸ್ಟೇಷನ್ನಿನ ಹಿಂಬದಿಯ ಬಡಾವಣೆಯಲ್ಲಿ ಒಂಬತ್ತು ಮನೆಗಳ ಗೋಡೆಗೆ ಒಂಬತ್ತು ಡಬ್ಬಿಗಳನ್ನು ತೂಗುಹಾಕಿದಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಡಬ್ಬಿ. ಕೋಣೆಯಲ್ಲಿ ಬಿಸಿ ಎಷ್ಟಿದೆ, ಗಾಳಿಯಲ್ಲಿ ತೇವ ಎಷ್ಟಿದೆ ಎಂಬುದನ್ನು ಅದು ಕಾಲುಗಂಟೆಗೊಮ್ಮೆ ತನ್ನೊಳಗೆ ಬರೆದಿಟ್ಟುಕೊಳ್ಳುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಒಂದು ಅಂಕಿಯೂ ಕಾಣುತ್ತಿರಲಿಲ್ಲ. ತಿಂಗಳಿಗೊಮ್ಮೆ ಸೆಲ್ವಿ ಹೋಗಿ ತನ್ನ ಮೊಬೈಲನ್ನು ಅದರ ಹತ್ತಿರ ಹಿಡಿದರೆ ಅಷ್ಟೂ ಅಂಕಿಗಳು ಮೊಬೈಲಿಗೆ ಇಳಿದುಬರುತ್ತಿದ್ದವು.

ಕೆಲಸ ಬೆಂಗಳೂರಿನ ಒಂದು ಸಂಸ್ಥೆಯದು. ಇನ್ನು ಮುಂದೆ ಮನೆ, ಅಂಗಡಿ ಕಟ್ಟುವವರು ಒಳಗೆ ಬಿಸಿ ಏರದಂತೆ, ಕರೆಂಟು ವ್ಯರ್ಥವಾಗದಂತೆ ಕಟ್ಟಬೇಕು ಎಂಬ ಹೊಸ ನಿಯಮದ ಕರಡು ತಯಾರಾಗುತ್ತಿತ್ತು. ಸೂರು ಹೇಗಿರಬೇಕು, ಗೋಡೆಗೆ ಯಾವ ಇಟ್ಟಿಗೆ, ಕಿಟಕಿ ಎಷ್ಟು ಅಗಲ ಎಂದೆಲ್ಲ ಬರೆಯುವುದಕ್ಕೆ ಮುಂಚೆ, ಈಗಿರುವ ಮನೆಗಳೊಳಗೆ ಜನ ಹೇಗೆ ಬದುಕುತ್ತಿದ್ದಾರೆ ಎಂದು ತಿಳಿಯಬೇಕಿತ್ತು. ಸೆಲ್ವಿ ಆರು ವರ್ಷ ಮನೆಮನೆಗೆ ಹೋಗಿ ಕರೆಂಟು ಮೀಟರ್ ನೋಡಿ ಬಿಲ್ಲು ಹರಿದುಕೊಟ್ಟವಳು. ಪಕ್ಕದ ಸ್ಟೇಷನ್ನಾದ ಊರಿಗಾಮಿನಲ್ಲಿ ಹುಟ್ಟಿ ಅಲ್ಲೇ ಮದುವೆಯಾಗಿ ಅಲ್ಲೇ ಇದ್ದವಳು. ಕನ್ನಡ, ತಮಿಳು, ತೆಲುಗು ಮೂರನ್ನೂ ಮನೆಗೆ ತಕ್ಕಂತೆ ಆಡುತ್ತಿದ್ದಳು. ಯಾವ ಬಾಗಿಲನ್ನು ತಟ್ಟಿದರೂ ಒಳಗೆ ಕರೆಯುತ್ತಿದ್ದರು.

ಕೆಲಸ ಕೊಟ್ಟ ದಿನ ಲಿಖಿತ ಎಂಬ ಇಂಜಿನಿಯರ್ ಅವಳಿಗೆ ಒಂದು ಮಾತು ಹೇಳಿ, ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು.

"ಸೆಲ್ವಿಯವರೇ, ಅಧ್ಯಯನ ಮುಗಿಯೋವರೆಗೂ ಯಾರಿಗೂ ಅಂಕಿ ಹೇಳಬಾರದು. ನಿಮ್ಮನೆ ಇಷ್ಟು ಬಿಸಿ ಇದೆ ಅಂದ ತಕ್ಷಣ ಅವರು ಕಿಟಕಿ ತೆಗೀತಾರೆ, ತಾರಸಿಗೆ ನೀರು ಹಾಕ್ತಾರೆ. ಆಗ ನಮಗೆ ಸಿಗೋದು ಅವರ ನಿಜವಾದ ಬದುಕಲ್ಲ."

ಸೆಲ್ವಿಗೆ ಅದು ಸರಿಯೆನಿಸಿತ್ತು. ಮೀಟರ್ ನೋಡುವಾಗಲೂ ಒಬ್ಬರ ಮನೆಯ ಅಂಕಿ ಇನ್ನೊಬ್ಬರಿಗೆ ಹೇಳಿದವಳಲ್ಲ.

ಒಂಬತ್ತನೆಯ ಡಬ್ಬಿ ಮುನಿಶಾಮಮ್ಮನ ಮನೆಯದು. ಕೆಳಗೆ ಎರಡು ಕೋಣೆ, ಹೊರಗಿನಿಂದ ಮೆಟ್ಟಿಲು, ಮೇಲೆ ಒಂದೇ ಒಂದು ಕೋಣೆ. ಮುನಿಶಾಮಮ್ಮ ಟೊಮೆಟೊ ತೋಟಗಳಲ್ಲಿ ಕೂಲಿ ಮಾಡುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ರಾಜ್‌ಕುಮಾರ್, ಮೂವತ್ತರ ಹತ್ತಿರದವನು, ಮೊಬೈಲ್ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಸೊಸೆ ರಾಧ ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ರಾಜ್‌ಕುಮಾರನಿಗೆ ಜನವರಿಯಿಂದ ರಾತ್ರಿ ಪಾಳಿ. ಸಂಜೆ ಬೈಕಿನಲ್ಲಿ ಬಂಗಾರಪೇಟೆಗೆ ಹೋಗಿ, ಅಲ್ಲಿ ಕಂಪನಿ ಬಸ್ಸು ಹತ್ತಿ, ಬೆಳಿಗ್ಗೆ ಹಾಗೆಯೇ ವಾಪಸು ಬರುತ್ತಿದ್ದ. ಕೆಳಗೆ ಮಿಷನ್ ಸದ್ದು, ಬಟ್ಟೆ ಕೊಡಲು ಬರುವವರ ಮಾತು. ಹಾಗಾಗಿ ಹಗಲು ಅವನು ಮಲಗುವುದು ಮೇಲಿನ ಕೋಣೆಯಲ್ಲಿ. ಅಲ್ಲಿ ನಾಲ್ಕೂ ಕಡೆ ಸಿಮೆಂಟ್ ಬ್ಲಾಕಿನ ಗೋಡೆ, ನೆತ್ತಿಯ ಮೇಲೆ ಬರಿಯ ಆರ್‌ಸಿಸಿ ಸೂರು, ಪಡುವಣಕ್ಕೆ ಒಂದು ಕಿಟಕಿ. ಸೆಲ್ವಿಯ ಡಬ್ಬಿ ಇದ್ದದ್ದೂ ಅಲ್ಲೇ.

ಮಾರ್ಚ್ ಕೊನೆಗೆ ಸೆಲ್ವಿ ಅಂಕಿ ಇಳಿಸಿಕೊಳ್ಳಲು ಹೋದಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಬೆಳಗಿನ ಹನ್ನೊಂದು ಗಂಟೆ. ನಿದ್ದೆಯಲ್ಲಿರಬೇಕಾದ ಹೊತ್ತು. ಕಣ್ಣು ಕೆಂಡದಂತಿದ್ದವು.

"ಅಕ್ಕ, ಅದ್ರಾಗೆ ಎಷ್ಟು ತೋರುಸ್ತೈತೆ?" ಎಂದು ಕೇಳಿದ.

"ಅದು ಬೆಂಗಳೂರಿಗೆ ಓಗಿ ಆಮೇಲೆ ಗೊತ್ತಾಗೋದು ಕಣಪ್ಪ," ಎಂದಳು ಸೆಲ್ವಿ. ಅಂಕಿಗಳು ಆಗಲೇ ಅವಳ ಅಂಗೈಯಲ್ಲಿದ್ದವು. ಹಿಂದಿನ ದಿನ ಸಂಜೆ ನಾಲ್ಕೂವರೆಗೆ ಮೂವತ್ತೇಳೂವರೆ ಡಿಗ್ರಿ. ಹೊರಗೆ ಬಿಸಿಲಿಳಿದ ಮೇಲೂ ಕೋಣೆ ಏರುತ್ತಲೇ ಇತ್ತು. ಹಗಲೆಲ್ಲ ಕುಡಿದ ಬಿಸಿಯನ್ನು ಸೂರು ಸಂಜೆ ಕೆಳಗೆ ಸುರಿಯುತ್ತಿತ್ತು.

ಅವನು ದನಿ ತಗ್ಗಿಸಿದ. "ನಿದ್ದೆ ಬರಂಗಿಲ್ಲ ಅಕ್ಕ. ಇಂಗೆ ಕಣ್ಣು ಮುಚ್ಚುದ್ರೆ ಸಾಕು, ಎದೆ ಮ್ಯಾಲೆ ಯಾರೋ ಕುಂತಂಗೆ ಆಯ್ತದೆ. ಉಸ್ರು ಎಳೀಬೇಕಂದ್ರೆ ಆಗಲ್ಲ. ಬೆವ್ರು ಕಿತ್ಕೊಂಡು ಎದ್ದು ಕುಂತ್ಕಂತೀನಿ. ಯಾರೂ ಇರಲ್ಲ."

ಸೆಲ್ವಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಕೆಳಗಿನಿಂದ ಮುನಿಶಾಮಮ್ಮನೇ ಉತ್ತರ ಕೊಟ್ಟಳು. "ಅದು ಪೆರುಮಾಳ್ ಕಣಮ್ಮಾ. ಇನ್ಯಾರು ಬತ್ತಾರೆ."

ಪೆರುಮಾಳ್ ಆ ಜಾಗದಲ್ಲಿ ಮುಂಚೆ ಗುಡಿಸಲು ಹಾಕಿಕೊಂಡಿದ್ದ ಮುದುಕ. ಮೂವತ್ತು ವರ್ಷ ಚಿನ್ನದ ಗಣಿಯೊಳಗೆ ಕಲ್ಲು ಕೊರೆದವನು. ಕಲ್ಲಿನ ಧೂಳು ಎದೆಯಲ್ಲಿ ಕೂತು, ಉಸಿರಿಗಾಗಿ ಒದ್ದಾಡಿ ಒದ್ದಾಡಿ ಅದೇ ಗುಡಿಸಲಿನಲ್ಲಿ ಸತ್ತ. ಅವನ ಕಡೆಯವರಿಂದ ಜಾಗ ತೆಗೆದುಕೊಂಡು ಗುಡಿಸಲು ಕಿತ್ತು ಇವರು ಮನೆ ಕಟ್ಟಿಸಿದ್ದರು. ಉಸಿರು ಸಿಗದೆ ಸತ್ತವನು ಈಗ ರಾಜ್‌ಕುಮಾರನ ಉಸಿರು ಬೇಡುತ್ತಿದ್ದಾನೆ ಎಂದು ಮುನಿಶಾಮಮ್ಮ ನಂಬಿದ್ದಳು. ರಾಜ್‌ಕುಮಾರ್ ಮೊದಮೊದಲು ನಕ್ಕಿದ್ದನಂತೆ. ಈಗ ನಗುತ್ತಿರಲಿಲ್ಲ.

ಸೆಲ್ವಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಅದು ಪೆರುಮಾಳನಲ್ಲ, ಸೂರು ಎಂದು ಹೇಳಬಹುದಿತ್ತು. ಒಂದೇ ಒಂದು ಮಾತು. ಆದರೆ ಸಹಿ ಹಾಕಿದ ಕಾಗದ ನೆನಪಾಯಿತು. ಜೂನ್‌ನಲ್ಲಿ ಅಧ್ಯಯನ ಮುಗಿಯುತ್ತದಲ್ಲ, ಆಗ ಹೇಳಿದರಾಯಿತು ಅಂದುಕೊಂಡಳು.

ಹತ್ತು ದಿನಗಳ ನಂತರ ಪಕ್ಕದ ಮನೆಯ ಡಬ್ಬಿಯ ಬ್ಯಾಟರಿ ಬದಲಾಯಿಸಲು ಅವಳು ಮತ್ತೆ ಆ ಬೀದಿಗೆ ಬಂದಳು. ಮುನಿಶಾಮಮ್ಮ ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋದಳು. ಗಡಿಯಾಚೆಯ ವಿ. ಕೋಟೆ ಕಡೆಯಿಂದ ಮಂತ್ರಗಾರನೊಬ್ಬ ಬಂದು ಹೋಗಿದ್ದ. ಹೊಸ್ತಿಲ ಮೇಲೆ ಕುಂಕುಮ, ಹೋಳು ಮಾಡಿದ ನಿಂಬೆಹಣ್ಣು. ಪಡುವಣದ ಕಿಟಕಿಗೆ ಅಡ್ಡಲಾಗಿ ಎರಡು ಹಲಗೆ ಹೊಡೆದು, ಸಂದುಗಳಿಗೆ ಸಿಮೆಂಟು ಮೆತ್ತಿದ್ದರು.

"ಅವ್ನು ಈ ಕಿಟ್ಕಿಯಿಂದ್ಲೇ ಬರೋದು ಅಂದ ಆ ಸ್ವಾಮಿ," ಎಂದಳು ಮುನಿಶಾಮಮ್ಮ, ಗೆದ್ದವಳ ಸಮಾಧಾನದಲ್ಲಿ. "ಇನ್ನು ಎಂಗೆ ಬತ್ತಾನೆ ನೋಡಾಣ."

ಕೋಣೆಯೊಳಗೆ ನಿಂತ ಎರಡು ನಿಮಿಷಕ್ಕೇ ಸೆಲ್ವಿಯ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಮೊಬೈಲು ತೆಗೆದು ನೋಡಿದಳು. ಕಿಟಕಿ ಮುಚ್ಚಿದ ದಿನದಿಂದ ಕೋಣೆ ರಾತ್ರಿಯೂ ತಣಿದಿರಲಿಲ್ಲ. ಬೆಳಿಗ್ಗೆ ಅವನು ಮಲಗಲು ಬರುವ ಹೊತ್ತಿಗೇ ಮೂವತ್ತಮೂರು, ಸಂಜೆಗೆ ಮೂವತ್ತೊಂಬತ್ತು. ಬಿಸಿಯ ಗೆರೆಯ ಕೆಳಗೆ ತೇವದ ಗೆರೆ ಇತ್ತು. ಅದನ್ನು ಓದುವುದನ್ನು ಅವಳು ತಾನಾಗಿಯೇ ಕಲಿತಿದ್ದಳು. ಮುಚ್ಚಿದ ಕೋಣೆಯಲ್ಲಿ ಮನುಷ್ಯನಿದ್ದರೆ ಅವನ ಉಸಿರು, ಬೆವರಿನಿಂದ ತೇವ ಏರುತ್ತದೆ. ಬಾಗಿಲು ತೆರೆದು ಎದ್ದುಹೋದರೆ ಇಳಿಯುತ್ತದೆ. ರಾಜ್‌ಕುಮಾರನ ಗೆರೆ ಗರಗಸದ ಹಲ್ಲಿನಂತಿತ್ತು. ಏರುವುದು, ಬೀಳುವುದು, ಮತ್ತೆ ಏರುವುದು. ಅಷ್ಟೂ ದಿನಗಳಲ್ಲಿ ಅವನು ಒಮ್ಮೆಯೂ ಎರಡು ಗಂಟೆ ಒಂದೇ ಸಮನೆ ಮಲಗಿರಲಿಲ್ಲ.

"ಅಮ್ಮ, ಕಿಟಕಿ..." ಎಂದಳು ಸೆಲ್ವಿ.

"ಏನು?"

"ಏನಿಲ್ಲ. ಸಿಮೆಂಟು ಗಟ್ಟಿಯಾಗಿ ಹಿಡಿದಿದೆ ಅಂದೆ."

ಅದಾದ ನಾಲ್ಕನೆಯ ದಿನ, ಬೆಳಿಗ್ಗೆ ಆರೂಮುಕ್ಕಾಲಿಗೆ, ಬಂಗಾರಪೇಟೆಯಿಂದ ಬರುವ ರಸ್ತೆಯಲ್ಲಿ ರಾಜ್‌ಕುಮಾರನ ಬೈಕು ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಗುದ್ದಿತು. ರಸ್ತೆ ನೇರವಾಗಿತ್ತು, ಬೆಳಕೂ ಇತ್ತು. ಬ್ರೇಕು ಹಿಡಿದ ಗುರುತೇ ಇರಲಿಲ್ಲ ಎಂದರು ಕಂಡವರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಪೊಲೀಸರು ಅಜಾಗರೂಕ ಚಾಲನೆ ಎಂದು ಬರೆದುಕೊಂಡರು. ಮನೆಯವರು ಪೆರುಮಾಳ್ ಕೊನೆಗೂ ಕರೆದುಕೊಂಡು ಹೋದ ಎಂದರು.

ಮಣ್ಣಿಗೆ ಹೋದವರ ಹಿಂದೆ ಸೆಲ್ವಿಯೂ ನಿಂತಿದ್ದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಊಟ ರುಚಿಸದಾಯಿತು. ಸಾರಿಗೆ ಒಗ್ಗರಣೆ ಹಾಕುವಾಗಲೂ, ರೈಲಿನಲ್ಲಿ ಕುಳಿತಿರುವಾಗಲೂ ಕಣ್ಣ ಮುಂದೆ ಆ ಗರಗಸದ ಗೆರೆ ಬರುತ್ತಿತ್ತು. ಊರಿಗಾಮಿನ ಅವಳ ಮನೆ ಹಳೆಯ ಗಣಿ ಕಂಪನಿ ಕಾಲದ್ದು. ಮೊಳದಗಲದ ಕಲ್ಲಿನ ಗೋಡೆ, ಹೆಂಚಿನ ಸೂರು. ಏಪ್ರಿಲ್ ಮಧ್ಯಾಹ್ನದಲ್ಲೂ ನೆಲ ತಣ್ಣಗಿರುತ್ತಿತ್ತು. ಅವಳ ಅಪ್ಪ ಹೇಳುತ್ತಿದ್ದ ಮಾತೊಂದು ಈಗ ಮತ್ತೆ ಮತ್ತೆ ನೆನಪಾಗುತ್ತಿತ್ತು. ಗಣಿಯ ಆಳದಲ್ಲಿ ಬಂಡೆ ಕೈಯಿಟ್ಟರೆ ಸುಡುವಷ್ಟು ಬಿಸಿ. ಅಲ್ಲಿಗೆ ಕಂಪನಿಯವರು ಮೇಲಿನಿಂದ ಯಂತ್ರದಲ್ಲಿ ತಣ್ಣನೆಯ ಗಾಳಿ ಬಿಡುತ್ತಿದ್ದರು. ಇಲ್ಲದಿದ್ದರೆ ಕೆಲಸ ಸಾಗದು ಎಂದು ಅವರಿಗೆ ಗೊತ್ತಿತ್ತು. ನೆಲದ ಕೆಳಗೆ ದುಡಿಯುವವನಿಗೆ ಯಾರೋ ಇಷ್ಟು ಡಿಗ್ರಿ ಮೀರಬಾರದು ಎಂದು ಗೆರೆ ಎಳೆದಿದ್ದರು. ನೆಲದ ಮೇಲೆ ಮಲಗಿದವನಿಗೆ ಅಂಥ ಗೆರೆ ಎಳೆದವರು ಯಾರೂ ಇರಲಿಲ್ಲ. ಅಂಕಿ ಗೊತ್ತಿದ್ದವಳು ಒಬ್ಬಳೇ. ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಮೇ ತಿಂಗಳ ಮಧ್ಯದಲ್ಲಿ ಅಂಕಿ ಇಳಿಸಿಕೊಳ್ಳಲೇಬೇಕಾಯಿತು. ಸೆಲ್ವಿ ಬೆಳಿಗ್ಗೆಯೇ ಹೋದಳು. ಮುನಿಶಾಮಮ್ಮ ಮನೆಯಲ್ಲಿರಲಿಲ್ಲ. ರಾಧ ಮಿಷನ್ ಮುಂದೆ ಸುಮ್ಮನೆ ಕುಳಿತಿದ್ದಳು.

"ಮೇಲ್ಗಡೆ ಬೀಗ ಆಕೈತೆ ಅಕ್ಕ," ಎಂದಳು. "ಹನ್ನೊಂದು ದಿನದ ಕಾರ್ಯ ಮುಗ್ದ ಮ್ಯಾಲೆ ಅತ್ತೆ ಆಕುದ್ರು. ಯಾರೂ ಓಗಲ್ಲ. ಬೀಗದ ಕೈ ಅವ್ರತ್ರಾನೇ ಐತೆ."

ಒಳಗೆ ಹೋಗಬೇಕಿಲ್ಲ ಎಂದು ಸೆಲ್ವಿಗೆ ಜೀವ ಬಂದಂತಾಯಿತು. ಮೆಟ್ಟಿಲು ಹತ್ತಿ, ಬಾಗಿಲ ಹೊರಗೆ ನಿಂತು ಮೊಬೈಲು ಹಿಡಿದಳು. ಅಂಕಿಗಳು ಇಳಿದವು. ಹಿತ್ತಾಳೆ ಬೀಗ ಬಿಸಿಲಿಗೆ ಹೊಳೆಯುತ್ತಿತ್ತು.

ಊರಿಗಾಮ್ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕುಳಿತು ಅವಳು ಆ ಕಡತ ತೆರೆದಳು. ರಾಜ್‌ಕುಮಾರ್ ಸತ್ತ ದಿನದಿಂದ ಗರಗಸದ ಹಲ್ಲುಗಳು ಇರಲಿಲ್ಲ. ತೇವದ ಗೆರೆ ಚಪ್ಪಟೆಯಾಗಿ ಹನ್ನೆರಡು ದಿನ ಹಾಗೆಯೇ ಸಾಗಿತ್ತು. ಖಾಲಿ ಕೋಣೆ. ಹದಿಮೂರನೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ, ಗೆರೆ ಮೇಲೆದ್ದಿತ್ತು. ನಾಲ್ಕು ಗಂಟೆಯವರೆಗೆ ಮೆಲ್ಲಗೆ ಏರಿ, ಆಮೇಲೆ ಒಮ್ಮೆಗೇ ಬಿದ್ದಿತ್ತು. ಮರುದಿನವೂ ಎರಡಕ್ಕೆ. ಅದರ ಮರುದಿನವೂ. ನಿನ್ನೆಯವರೆಗೆ ಒಂದು ದಿನವೂ ತಪ್ಪಿರಲಿಲ್ಲ.

ಬೀಗ ಹಾಕಿದ ಕೋಣೆಯಲ್ಲಿ ಯಾರೋ ಉಸಿರಾಡುತ್ತಿದ್ದರು.

ರಾಜ್‌ಕುಮಾರನ ಗೆರೆಯಂತೆ ಇದು ಏರಿ ಬೀಳುತ್ತಿರಲಿಲ್ಲ. ಎಚ್ಚರವಿಲ್ಲದೆ ಮಲಗಿದವರ ಉಸಿರಿನಂತೆ ಎರಡು ಗಂಟೆ ಕದಲದೆ ಏರುತ್ತಿತ್ತು. ಬದುಕಿದ್ದಾಗ ಬಾರದ ನಿದ್ದೆ ಈಗ ಬಂದಿದೆಯೇ ಎಂಬ ಯೋಚನೆ ಬಂದು, ಬೆಂಚಿನ ಮೇಲೆ ಕೂರಲಾರದೆ ಎದ್ದು ನಿಂತಳು. ಅಲ್ಲಿಂದಲೇ ಲಿಖಿತ ಅವರಿಗೆ ಫೋನು ಮಾಡಿದಳು.

"ಒಂಬತ್ತನೇ ಮನೇನಾ?" ಎಂದರು ಲಿಖಿತ. "ಅಲ್ಲಿ ಮಲಗ್ತಿದ್ದವರು ತೀರಿಕೊಂಡ್ರು ಅಂದಿದ್ರಲ್ಲ, ಅದನ್ನ ನಾನೇ ತೆಗೆಯೋಣ ಅಂತಿದ್ದೆ. ಯಾರೂ ವಾಸ ಇಲ್ಲದ ಕೋಣೆ ಲೆಕ್ಕಕ್ಕೆ ಬರಲ್ಲ. ತೇವ ಏರ್ತಿದ್ರೆ ಡಬ್ಬಿ ಕೆಟ್ಟಿರಬೇಕು. ಬಿಚ್ಚಿ ತಂದುಬಿಡಿ."

"ಕೆಟ್ಟಿದ್ರೆ ದಿನಾ ಎರಡು ಗಂಟೆಗೇ ಯಾಕೆ ಮೇಡಂ ಕೆಡುತ್ತೆ?"

"ಹೋಗಿ ನೋಡಿ," ಎಂದರು ಲಿಖಿತ.

ಮರುದಿನ ಎರಡೂಕಾಲಿಗೆ ಸೆಲ್ವಿ ಆ ಬೀದಿಯಲ್ಲಿದ್ದಳು. ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕೆಳಗಿನ ಬಾಗಿಲು ಮುಚ್ಚಿತ್ತು. ರಾಧ ತವರಿಗೆ ಹೋಗಿದ್ದಳೆಂದು ಆಮೇಲೆ ತಿಳಿಯಿತು. ಸೆಲ್ವಿ ಮೆಟ್ಟಿಲು ಹತ್ತಿದಳು. ಬಾಗಿಲ ಮೇಲೆ ಬೀಗ ಇರಲಿಲ್ಲ. ತಳ್ಳಿದಳು. ಒಳಗಿನಿಂದ ಅಗುಳಿ ಹಾಕಿತ್ತು.

ಕಿವಿಯಿಟ್ಟು ಕೇಳಿದಳು. ಉಸಿರಿನ ಸದ್ದು. ದೀರ್ಘವಾಗಿ ಎಳೆದು, ತಡೆದು, ಬಿಡುವ ಸದ್ದು. ಓಡಿಹೋಗಬೇಕೆನಿಸಿತು. ಹೋಗಲಿಲ್ಲ. "ಯಾರು?" ಎಂದಳು. ಇನ್ನೊಮ್ಮೆ ಕೇಳಿ, ಭುಜಕೊಟ್ಟು ಒತ್ತಿದಳು. ಎರಡನೆಯ ಸಲಕ್ಕೆ ಅಗುಳಿ ಕಿತ್ತುಬಂತು.

ಕತ್ತಲೆ ಮತ್ತು ಕಾವು ಒಟ್ಟಿಗೆ ಮುಖಕ್ಕೆ ಬಡಿದವು. ರಾಜ್‌ಕುಮಾರನ ಚಾಪೆಯ ಮೇಲೆ ಮುನಿಶಾಮಮ್ಮ ಅಂಗಾತ ಮಲಗಿದ್ದಳು. ಫ್ಯಾನು ಹಾಕಿರಲಿಲ್ಲ. ಸೀರೆ ಮೈಗಂಟಿತ್ತು. ಎರಡೂ ಕೈಗಳನ್ನು ಎದೆಯ ಮೇಲೆ, ಏನನ್ನೋ ತಬ್ಬಿದಂತೆ ಕಟ್ಟಿಕೊಂಡಿದ್ದಳು. ಕಣ್ಣು ಅರೆ ತೆರೆದಿದ್ದವು.

ಸೆಲ್ವಿ ಅವಳನ್ನು ಎಳೆದು ಬಾಗಿಲಾಚೆಯ ನೆರಳಿಗೆ ತಂದಳು. ಕೆಳಗೋಡಿ ತೊಟ್ಟಿಯಿಂದ ಬಿಂದಿಗೆ ತುಂಬ ನೀರು ತಂದು ತಲೆಗೆ, ಕುತ್ತಿಗೆಗೆ, ಕಂಕುಳಿಗೆ ಹೊಯ್ದಳು. ಬಹಳ ಹೊತ್ತಿನ ಮೇಲೆ ಮುನಿಶಾಮಮ್ಮ ಕಣ್ಣು ಬಿಟ್ಟು, ಗುರುತು ಹಿಡಿದು, ಸಿಟ್ಟಾದಳು.

"ಯಾಕ್ ಎಬ್ಬುಸ್ದೆ? ಇನ್ನೂ ಅವ್ನು ಓಗಿರ್ಲಿಲ್ಲ."

"ಯಾರಮ್ಮ?"

"ನನ್ ಮಗ." ಅವಳು ಎದೆ ಮುಟ್ಟಿಕೊಂಡಳು. "ತೋಟದಿಂದ ಬಂದು, ರಾಧಂಗೂ ಗೊತ್ತಾಗ್ದಂಗೆ ಇಲ್ ಮಲಗಿದ್ರೆ ಬತ್ತಾನೆ. ಮೊದ್ಲು ಮೈ ಕಾವೇರ್ತದೆ. ಆಮ್ಯಾಕೆ ಎದೆ ಮ್ಯಾಲೆ ಭಾರ ಬೀಳ್ತದೆ. ಅವ್ನು ಕೂಸಾಗಿದ್ದಾಗ ಎದೆ ಮ್ಯಾಲೆ ಆಕ್ಕೊಂಡು ಮಲ್ಗುಸ್ತಿದ್ನಲ್ಲ, ಅದೇ ಭಾರ. ನಂಗೆ ಗೊತ್ತಾಗಲ್ವಾ? ಪೆರುಮಾಳನ್ನ ಓಡ್ಸಿ ಇವ್ನೇ ಬಂದವ್ನೆ. ನಾಕು ಗಂಟೆಗೆ ಇಳ್ದು ಓಯ್ತಾನೆ."

ಸೆಲ್ವಿ ಅವಳ ಒದ್ದೆ ಕೈ ಹಿಡಿದುಕೊಂಡು ಕುಳಿತಳು. ಈ ಸಲವೂ ಸುಮ್ಮನಿದ್ದರೆ ನಾಳೆಯೂ ಎರಡು ಗಂಟೆಗೆ ಇವಳು ಇಲ್ಲಿ ಮಲಗುತ್ತಾಳೆ, ನಾಡಿದ್ದೂ ಮಲಗುತ್ತಾಳೆ, ಒಂದು ದಿನ ಏಳುವುದಿಲ್ಲ. ಹೇಳಿದರೆ, ಸತ್ತ ಮಗನನ್ನು ಇವಳ ಎದೆಯಿಂದ ಇನ್ನೊಮ್ಮೆ ಕಿತ್ತುಕೊಂಡಂತೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಅವಳು ಮೊಬೈಲು ತೆಗೆದು, ಗೆರೆಗಳನ್ನು ಮುನಿಶಾಮಮ್ಮನ ಮುಂದೆ ಹಿಡಿದಳು.

"ಅಮ್ಮ, ಇದು ಆ ಡಬ್ಬಿ ಬರೆದಿರೋದು. ಈ ಕೋಣೇಲಿ ಈಗ ನಲವತ್ತು ಡಿಗ್ರಿ ಐತೆ. ಜ್ವರ ಬಂದೋರ ಮೈಗಿಂತ ಜಾಸ್ತಿ. ಇಷ್ಟು ಬಿಸೀಲಿ ಯಾರು ಮಲಗಿದ್ರೂ ಎದೆ ಹಿಡಿಯುತ್ತೆ, ಉಸಿರು ಕಟ್ಟುತ್ತೆ. ನಾನು ಮಲಗಿದ್ರೂ ಅಷ್ಟೇ. ಅದು ಸೂರಿಂದ ಇಳಿಯೋ ಕಾವು. ಯಾರೂ ಬಂದು ಕೂರಲ್ಲ ಅಮ್ಮ."

ಮುನಿಶಾಮಮ್ಮ ಗೆರೆಗಳನ್ನು ನೋಡಿದಳು. ಓದು ಬಾರದವಳಾದರೂ ಬೆರಳಿಟ್ಟು ಏರಿಳಿತವನ್ನು ಸವರಿದಳು.

"ಅಂಗಾದ್ರೆ ಅವ್ನು ಬಂದೇ ಇಲ್ವಾ?"

ಸೆಲ್ವಿ ಬಿಂದಿಗೆಯಲ್ಲಿ ಉಳಿದ ನೀರನ್ನು ಅವಳ ಅಂಗಾಲಿಗೆ ಹೊಯ್ದಳು.

"ಅವ್ನಿಗೂ ಇದೇನಾ ಆಗಿದ್ದು?"

"ಇದೇ ಅಮ್ಮ."

ಮುನಿಶಾಮಮ್ಮನ ಬೆರಳು ನಿಂತಿತು. ಅವಳು ತಲೆಯೆತ್ತಿ ಸೆಲ್ವಿಯ ಮುಖವನ್ನೇ ನೋಡಿದಳು. "ನಿಂಗೆ ಯಾವಾಗ ಗೊತ್ತಾಯ್ತು ಇದು?"

ಸುಳ್ಳು ಹೇಳಲು ಜಾಗವಿತ್ತು. ಬೆಂಗಳೂರಿನವರು ನಿನ್ನೆ ಹೇಳಿದರು ಅನ್ನಬಹುದಿತ್ತು. "ಮಾರ್ಚ್ ತಿಂಗಳಲ್ಲಿ," ಎಂದಳು ಸೆಲ್ವಿ. "ಅವನು ಕೇಳಿದ್ದ. ನಾನು ಹೇಳ್ಲಿಲ್ಲ. ಹೇಳಬಾರದು ಅಂತ ಬರೆಸಿಕೊಂಡಿದ್ರು."

"ಕಿಟ್ಕಿ ಮುಚ್ಚಿದ ಮ್ಯಾಲೆ ನೀನು ಬಂದಿದ್ದೆ."

"ಬಂದಿದ್ದೆ."

"ನೋಡಿದ್ದೆ."

"ನೋಡಿದ್ದೆ ಅಮ್ಮ."

ಮುನಿಶಾಮಮ್ಮ ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ, ರಾಗಿ ಕುಟ್ಟುವ ಒನಕೆಯನ್ನು ಮೂಲೆಯಿಂದ ಎತ್ತಿಕೊಂಡು ಕಿಟಕಿಯ ಹಲಗೆಗೆ ಹೊಡೆಯತೊಡಗಿದಳು. ಹಲಗೆ ಸೀಳುವ ತನಕ, ಸಿಮೆಂಟು ಉದುರುವ ತನಕ ಹೊಡೆದಳು. ಸೆಲ್ವಿ ಸಹಾಯಕ್ಕೆಂದು ಹತ್ತಿರ ಹೋದಾಗ, ತಿರುಗದೆಯೇ, "ನೀನು ಮುಟ್ಬೇಡ," ಎಂದಳು.

ಲಿಖಿತ ಅವರಿಗೆ ಸೆಲ್ವಿ ಎಲ್ಲವನ್ನೂ ಹೇಳಿದಳು. ಕಿಟಕಿ, ಮಂತ್ರಗಾರ, ಟ್ರ್ಯಾಕ್ಟರು, ಚಾಪೆ ಎಲ್ಲವನ್ನೂ. ಲಿಖಿತ, "ಆ ಷರತ್ತು ಬರೆದಿದ್ದು ನಾನೇ, ಸೆಲ್ವಿಯವರೇ," ಎಂದರು. "ಅದು ತಪ್ಪು ಅಂತ ನನಗೆ ಅನಿಸಿರಲಿಲ್ಲ. ಈಗಲೂ ಪುಸ್ತಕದಲ್ಲಿ ಹುಡುಕಿದರೆ ಅದನ್ನು ತಪ್ಪು ಅಂತ ಯಾರೂ ಬರೆದಿರಲ್ಲ." ಒಂಬತ್ತನೆಯ ಮನೆಯನ್ನು ಅವರು ವರದಿಯಿಂದ ತೆಗೆಯಲಿಲ್ಲ. ಉಳಿದ ಎಂಟು ಮನೆಗಳ ಅಂಕಿಗಳನ್ನು ಆ ವಾರವೇ ಆಯಾ ಮನೆಯವರಿಗೆ ಹೇಳಿಬಿಡಲು ತಿಳಿಸಿದರು. ಸೆಲ್ವಿ ಬಾಗಿಲು ಬಾಗಿಲಿಗೆ ಹೋಗಿ ಹೇಳಿದಳು. ಕೆಲವರು ತಾರಸಿಗೆ ಬಿಳಿ ಸುಣ್ಣ ಬಳಿದರು, ಕೆಲವರು ತೆಂಗಿನ ಗರಿ ಹೊದಿಸಿದರು. ಕೆಲವರು ಕೇಳಿಸಿಕೊಂಡು ಸುಮ್ಮನಾದರು.

ಜುಲೈನಲ್ಲಿ ಬಂಗಾರಪೇಟೆಯ ಸಭಾಂಗಣವೊಂದರಲ್ಲಿ ಕರಡು ನಿಯಮದ ಬಗ್ಗೆ ಜನರ ಆಕ್ಷೇಪಣೆ ಕೇಳುವ ಸಭೆ ಇತ್ತು. ಬಂದವರು ಮೂವತ್ತು ಜನ; ಹೆಚ್ಚಿನವರು ಕಟ್ಟಡ ಗುತ್ತಿಗೆದಾರರು, ಇಟ್ಟಿಗೆ ಬ್ಲಾಕು ಮಾರುವವರು. ಹಿಂದಿನ ಸಾಲಿನಲ್ಲಿ ಮುನಿಶಾಮಮ್ಮ ಕುಳಿತಿದ್ದಳು. ಸೆಲ್ವಿ ಸಭೆಯ ವಿಷಯವನ್ನು ರಾಧಳಿಗೆ ಮಾತ್ರ ಹೇಳಿಬಂದಿದ್ದಳು. ಅತ್ತೆ ಬರುತ್ತಾಳೆಂದು ಎಣಿಸಿರಲಿಲ್ಲ.

ಕರಡಿನಲ್ಲಿ ಚಿಕ್ಕ ನಿವೇಶನಗಳ ಮನೆಗಳನ್ನು ಕೈಬಿಟ್ಟಿದ್ದರು. ಬಡವರಿಗೆ ಹೊರೆಯಾಗಬಾರದು ಎಂದು ಕಾರಣ ಬರೆದಿತ್ತು. ಸೆಲ್ವಿ ಎದ್ದು ನಿಂತು, ಅತಿ ಹೆಚ್ಚು ಕಾವು ಕಂಡಿರುವುದೇ ಅಂಥ ಮನೆಗಳ ಮೇಲಿನ ಕೋಣೆಗಳಲ್ಲಿ ಎಂದಳು. ಹಗಲು ಮಲಗುವವರು ಈಗ ಊರೂರಲ್ಲಿ ಇದ್ದಾರೆ, ರಾತ್ರಿ ಪಾಳಿಯ ಬಸ್ಸುಗಳನ್ನು ಎಣಿಸಿ ನೋಡಿ ಎಂದಳು. ಒಬ್ಬ ಗುತ್ತಿಗೆದಾರ, ಬಿಸಿಲಿಗೆ ಯಾರಮ್ಮ ಸಾಯ್ತಾರೆ ಎಂದು ಪಕ್ಕದವನಿಗೆ ಹೇಳಿದ. ಎಲ್ಲರಿಗೂ ಕೇಳಿಸಿತು.

ಮುನಿಶಾಮಮ್ಮ ಎದ್ದಳು. ಮೈಕು ಕೊಟ್ಟರೂ ಹಿಡಿಯಲಿಲ್ಲ.

"ನನ್ ಮಗ ಸತ್ತ," ಎಂದಳು. "ಬಿಸ್ಲಿಗಲ್ಲ. ಮನೆಗೆ. ನಾನು ಕೂಲಿ ಮಾಡಿ ಕಟ್ಸಿದ ಮನೆ. ಸೂರು ಗಟ್ಟಿ ಇರ್ಬೇಕು ಅಂತ ಯೋಳಿದ್ರು, ಗಟ್ಟಿ ಆಕ್ಸಿದೆ. ಅದು ಬೇಯಿಸ್ತದೆ ಅಂತ ಯಾರೂ ಯೋಳ್ಲಿಲ್ಲ. ಗೊತ್ತಿದ್ದೋರೂ ಯೋಳ್ಲಿಲ್ಲ. ನೀವು ಬರ್ಕೊಳ್ಳಾದ್ರೆ ಅದನ್ನ ಬರ್ಕೊಳ್ಳಿ."

ಅಧಿಕಾರಿ ಗೌರವದಿಂದಲೇ ಕೇಳಿಸಿಕೊಂಡರು. ಮನೆಗೆ ನಕ್ಷೆ ಮಂಜೂರಾತಿ ಇದೆಯೇ ಎಂದು ಕೇಳಿದರು. ಅವಳು ಇಲ್ಲ ಎಂದಳು. ಮಂಜೂರಾತಿ ಇಲ್ಲದ ಮನೆಗೆ ಯಾವ ನಿಯಮವೂ ಅನ್ವಯವಾಗುವುದಿಲ್ಲ ತಾಯಿ, ಆದರೂ ನಿಮ್ಮ ಮಾತು ದಾಖಲೆಯಲ್ಲಿರುತ್ತದೆ ಎಂದು ಬರೆದುಕೊಂಡರು.

ವಾಪಸು ಬರುವಾಗ ಇಬ್ಬರೂ ಒಂದೇ ರೈಲಿನ ಒಂದೇ ಬೋಗಿಯಲ್ಲಿದ್ದರು. ಸೆಲ್ವಿಯ ಪಕ್ಕದಲ್ಲಿ ಜಾಗವಿತ್ತು. ಮುನಿಶಾಮಮ್ಮ ಬಾಗಿಲ ಬಳಿ ನಿಂತೇ ಇದ್ದು, ಕೋರಮಂಡಲಿನಲ್ಲಿ ಇಳಿದುಹೋದಳು.

ನಿಯಮ ಅಂತಿಮವಾಗಿ ಹೊರಬಂದದ್ದು ಮರುವರ್ಷ ಮಾರ್ಚ್ ತಿಂಗಳಲ್ಲಿ. ಉಳಿದದ್ದೆಲ್ಲ ಹಾಗೆಯೇ ಇತ್ತು. ಸೂರಿನ ಭಾಗವೊಂದು ಬದಲಾಗಿತ್ತು. ಎಷ್ಟೇ ಚಿಕ್ಕ ನಿವೇಶನವಾದರೂ, ಹೊಸದಾಗಿ ಕಟ್ಟುವ ಮನೆಗೆ, ಮೇಲೆ ಏರಿಸುವ ಕೋಣೆಗೆ, ಸೂರಿನ ಮೇಲೆ ಕಾವು ತಡೆಯುವ ಪದರ ಇರಲೇಬೇಕು ಎಂದು ಸೇರಿಸಿದ್ದರು. ಈಗಾಗಲೇ ಕಟ್ಟಿರುವ ಮನೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಲಿಖಿತ ಆ ಪುಟವನ್ನು ಸೆಲ್ವಿಗೆ ಕಳಿಸಿ, "ಅವರಿಗೆ ನೀವೇ ಹೇಳ್ತೀರಾ?" ಎಂದು ಬರೆದಿದ್ದರು.

ಹೇಳುವುದಕ್ಕೆ ಸೆಲ್ವಿಗೆ ಒಂದು ವಾರ ಹಿಡಿಯಿತು. ಹೋದಾಗ ಮಧ್ಯಾಹ್ನ. ಮುನಿಶಾಮಮ್ಮ ಕೆಳಗಿನ ಬಾಗಿಲಿಗೆ ಅಡ್ಡಲಾಗಿ ಹೊಸ್ತಿಲ ಮೇಲೆ ಕುಳಿತಿದ್ದಳು. ಹೊಲಿಗೆ ಮಿಷನ್ನನ್ನು ಹೊರಗಿನ ಚಪ್ಪರದ ಕೆಳಗೆ ಇಟ್ಟು ಗೋಣಿತಟ್ಟು ಮುಚ್ಚಿದ್ದರು. ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿತ್ತು. ಸೆಲ್ವಿ ಬಾಯಿ ತೆರೆಯುವಷ್ಟರಲ್ಲಿ ಮುನಿಶಾಮಮ್ಮ ಬೆರಳನ್ನು ತುಟಿಯ ಮೇಲಿಟ್ಟಳು.

"ರಾಧ ಮಲಗವ್ಳೆ," ಎಂದಳು ಪಿಸುದನಿಯಲ್ಲಿ. "ಅದೇ ಫ್ಯಾಕ್ಟ್ರಿ. ರಾತ್ರಿ ಪಾಳಿ. ಕೆಳಗೇ ಮಲಗ್ತಾಳೆ."

ಸೆಲ್ವಿ ಬಗ್ಗಿ ಕುಳಿತು, ನಿಯಮದಲ್ಲಿ ಆದ ಬದಲಾವಣೆಯನ್ನು ಅಷ್ಟೇ ಮೆಲ್ಲಗೆ ಹೇಳಿದಳು. ಮುನಿಶಾಮಮ್ಮ ಕೇಳಿಸಿಕೊಂಡು ತಲೆಯಾಡಿಸಿದಳು. ಒಳ್ಳೆಯದು ಎನ್ನಲಿಲ್ಲ. ಗೋಣಿಯ ಮೇಲಿನ ನೀರು ಆರಿತ್ತು. ಎದ್ದು, ಚೊಂಬಿನಲ್ಲಿ ನೀರು ತಂದು, ಸದ್ದಾಗದಂತೆ ಅಂಗೈಯಲ್ಲಿ ಹಿಡಿದು ಹಿಡಿದು ಚಿಮುಕಿಸಿದಳು.

ಹೊರಡುವಾಗ ಸೆಲ್ವಿ ಕೇಳಿದಳು. "ಮೇಲಿನ ಕೋಣೆ ಏನು ಮಾಡಿದ್ರಿ ಅಮ್ಮ?"

"ಬಾಗ್ಲು ತೆಗ್ದೇ ಇರ್ತದೆ. ಕಿಟ್ಕೀನೂ." ಮುನಿಶಾಮಮ್ಮ ಮೆಟ್ಟಿಲ ಕಡೆ ನೋಡಿದಳು. "ನೀನು ಯೋಳಿದ್ದು ನಿಜಾನೇ ಇರ್ಬೌದು. ಆದ್ರೂ ಅವ್ನು ಬಂದ್ರೆ ಗಾಳಿ ಆಡ್ಲಿ."

ಸೆಲ್ವಿ ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಸದ್ದು ಮಾಡದೆ ಬೀದಿಗೆ ಬಂದಳು.